ಒಂದೇ ಬೆಂಚು, ಬೇರೆ ಬೇರೆ ಹೊರೆ: ಶಿಕ್ಷಣದಲ್ಲಿ ನ್ಯಾಯ ಮತ್ತು ಅವಕಾಶದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಲವು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಪೋಷಕರ ಸಭೆಯಲ್ಲಿ, ಸ್ಟಾಫ್ ರೂಮಿನಲ್ಲಿ, ಗೆಳೆಯರ ನಡುವೆ ಮತ್ತೆ ಮತ್ತೆ ಏಳುವ ಪ್ರಶ್ನೆಗಳು ಇವು. ನನ್ನ ಉತ್ತರಗಳೆಲ್ಲ ಒಂದೇ ಬೇರಿನಿಂದ ಬಂದಿವೆ: ಶಾಲೆ ತಾನು ಕಲಿಸದೇ ಇರುವ ಎಷ್ಟೋ ವಿಷಯವನ್ನು ಮಗುವಿನಿಂದ ಕೇಳುತ್ತದೆ. ಅದೆಲ್ಲ ಮನೆಯಲ್ಲೇ ಸಿಕ್ಕ ಮಗುವನ್ನು ಜಾಣ ಅನ್ನುತ್ತದೆ. ಸಿಗದ ಮಗುವನ್ನು ದಡ್ಡ ಅನ್ನುತ್ತದೆ.

ಎಲ್ಲ ಮಕ್ಕಳಿಗೂ ಒಂದೇ ಪುಸ್ತಕ, ಒಂದೇ ಟೀಚರ್, ಒಂದೇ ಪರೀಕ್ಷೆ ಕೊಟ್ಟರೆ ಸಾಕಲ್ವಾ? ಅದೇ ಸಮಾನತೆ ತಾನೇ?

ಅದು ಸಮಾನವಾಗಿ ಹಂಚುವುದು. ನ್ಯಾಯ ಅನ್ನಲು ಇನ್ನೂ ಸ್ವಲ್ಪ ಬೇಕು.

ಇಬ್ಬರು ಮಕ್ಕಳನ್ನು ನೆನೆಸಿಕೊಳ್ಳಿ. ಇಬ್ಬರಿಗೂ ಒಂದೇ ಮನೆಪಾಠ. ಒಬ್ಬಳಿಗೆ ಕೂತು ಬರೆಯಲು ಮೇಜಿದೆ, ಡೌಟ್ ಬಂದರೆ ಹೇಳಿಕೊಡಲು ಅಮ್ಮ ಇದ್ದಾರೆ. ಇನ್ನೊಬ್ಬಳು ಮನೆಗೆ ಹೋದ ಕೂಡಲೇ ತಮ್ಮನನ್ನು ನೋಡಿಕೊಳ್ಳಬೇಕು, ಅಡುಗೆಗೆ ಕೈ ಹಾಕಬೇಕು. ಅವಳು ಪುಸ್ತಕ ತೆರೆಯುವ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತದೆ. ಮರುದಿನ ನಾವು ಇಬ್ಬರ ನೋಟ್‌ಬುಕ್ಕನ್ನೂ ಒಂದೇ ಕೆಂಪು ಪೆನ್ನಿನಿಂದ ತಿದ್ದುತ್ತೇವೆ. ಹಂಚಿದ್ದರಲ್ಲಿ ಭೇದ ಇಲ್ಲ, ನಿಜ. ಆದರೆ ಆ ಅಂಕ ಅಳೆದದ್ದು ಏನನ್ನು?

ಸಾಮಾಜಿಕ ವ್ಯತ್ಯಾಸ ಅಂದರೆ ಬರೀ ದುಡ್ಡಿನ ವಿಷಯವಾ?

ದುಡ್ಡು ದೊಡ್ಡದು, ಆದರೆ ಅದೊಂದೇ ಅಲ್ಲ. ಅಪ್ಪ ಅಮ್ಮ ಎಷ್ಟು ಓದಿದ್ದಾರೆ, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ, ಮಗು ಹೆಣ್ಣೋ ಗಂಡೋ, ಯಾವ ಜಾತಿ, ಯಾವ ಬಣ್ಣ, ದೇಹದಲ್ಲಿ ಏನಾದರೂ ಊನ ಇದೆಯಾ, ಮನೆ ಪೇಟೆಯಲ್ಲಿದೆಯೋ ಕಾಡಂಚಿನಲ್ಲಿದೆಯೋ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಇವು ಒಂದರ ಮೇಲೊಂದು ಪೇರಿಕೊಳ್ಳುತ್ತವೆ ಅನ್ನುವುದು ಇನ್ನೂ ಮುಖ್ಯ. ಶಾಲೆ ದೂರ ಇದ್ದರೆ ಎಲ್ಲರಿಗೂ ಕಷ್ಟ. ಬಡವರಾದರೆ ಬಸ್ಸಿಗೆ ಕಾಸಿಲ್ಲ. ಹೆಣ್ಣುಮಗುವಾದರೆ ಒಬ್ಬಳನ್ನೇ ಕಳಿಸಲು ಮನೆಯವರಿಗೆ ಭಯ. ದೂರ ಅಷ್ಟೇ, ಆದರೆ ಒಬ್ಬೊಬ್ಬರಿಗೂ ಅದರ ತೂಕ ಬೇರೆ.

ಶಾಲೆಯ ಪಾಲು ಜಾಸ್ತಿಯೋ, ಮನೆಯ ಪಾಲು ಜಾಸ್ತಿಯೋ?

ಈ ವಾದಕ್ಕೆ ಅರವತ್ತು ವರ್ಷ ಆಗುತ್ತಾ ಬಂತು. 1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರ ತಂಡ ಒಂದು ವರದಿ ಕೊಟ್ಟಿತು. ಸುಮಾರು 4,000 ಶಾಲೆಗಳ 6 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಅವರು ನೋಡಿದ್ದರು. ಕಟ್ಟಡ, ಲ್ಯಾಬು, ಖರ್ಚು ಇವೆಲ್ಲ ಮಕ್ಕಳ ಕಲಿಕೆಯ ಅಂತರಕ್ಕೆ ಕಾರಣ ಅಂತ ಸಾಬೀತಾಗುತ್ತದೆ ಎಂದು ಬಹಳ ಜನ ಕಾಯುತ್ತಿದ್ದರು. ಬಂದ ಉತ್ತರ ಬೇರೆ. ಮಗುವಿನ ಮನೆಯ ಹಿನ್ನೆಲೆ ಮತ್ತು ಜೊತೆಯಲ್ಲಿ ಓದುವ ಮಕ್ಕಳ ಹಿನ್ನೆಲೆ, ಇವೆರಡೇ ಜಾಸ್ತಿ ತೂಗಿದವು.

ಇದನ್ನು ಕೇಳಿ ಕೆಲವರು, "ಹಾಗಾದರೆ ಶಾಲೆಗೆ ಸುಮ್ನೆ ದುಡ್ಡು ಸುರಿಯುವುದು ಯಾಕೆ?" ಅಂದರು. ಅದು ತಪ್ಪು ಪಾಠ. 1983ರಲ್ಲಿ ಸ್ಟೀಫನ್ ಹೇನಮನ್ ಮತ್ತು ವಿಲಿಯಂ ಲಾಕ್ಸ್‌ಲಿ ಎಂಬ ಸಂಶೋಧಕರು ಹಲವು ದೇಶಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ದೇಶ ಬಡವಾದಷ್ಟೂ ಮಗುವಿನ ಕಲಿಕೆಯಲ್ಲಿ ಶಾಲೆ ಮತ್ತು ಶಿಕ್ಷಕರ ಗುಣಮಟ್ಟದ ಪಾಲು ಹೆಚ್ಚು ಅಂತ ಅವರಿಗೆ ಕಂಡಿತು. ಇದು ನನಗೆ ಸಹಜ ಅನಿಸುತ್ತದೆ. ಮನೆಯಲ್ಲಿ ಒಂದೂ ಪುಸ್ತಕ ಇಲ್ಲದ ಮಗುವಿಗೆ ಓದಿನ ಬಾಗಿಲು ಶಾಲೆಯೊಂದೇ. ಆ ಬಾಗಿಲು ಚೆನ್ನಾಗಿದ್ದರೆ ಲಾಭ ಯಾರಿಗೆ ಜಾಸ್ತಿ? ಆ ಮಗುವಿಗೇ ಅಲ್ವಾ?

"ಸಾಂಸ್ಕೃತಿಕ ಬಂಡವಾಳ" ಅಂತ ಓದಿದ್ದೇನೆ. ಹಾಗಂದರೇನು?

ಈ ಮಾತು ಕೊಟ್ಟವರು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ (1930–2002). ಅವರ ತಂದೆ ಹಳ್ಳಿಯ ಅಂಚೆ ನೌಕರರು. ದೇಶದ ಅತಿ ಪ್ರತಿಷ್ಠಿತ ಕಾಲೇಜುಗಳಿಗೆ ಕಾಲಿಟ್ಟಾಗ, ಅಲ್ಲಿನವರು ಮಾತಾಡುವ ರೀತಿ, ಕೂರುವ ರೀತಿ, ಹಾಸ್ಯ ಮಾಡುವ ರೀತಿ ಕೂಡ ಬೇರೆ ಅಂತ ಅವರಿಗೆ ಮೈಗೆ ತಾಗಿ ಗೊತ್ತಾಗಿತ್ತು.

ಬಂಡವಾಳ ಅಂದರೆ ಹಣ ಅಂದುಕೊಳ್ಳುತ್ತೇವೆ. ಬೋರ್ದ್ಯೂ ಹೇಳಿದ್ದು, ಕಣ್ಣಿಗೆ ಕಾಣದ ಇನ್ನೊಂದು ಬಂಡವಾಳವೂ ಇದೆ ಅಂತ. ದೊಡ್ಡವರ ಜೊತೆ ಅಳುಕಿಲ್ಲದೆ ಮಾತಾಡುವುದು. "ಸರ್, ನನಗೆ ಇದು ಅರ್ಥ ಆಗಲಿಲ್ಲ" ಅಂತ ಕೈ ಎತ್ತುವುದು. ಪುಸ್ತಕದ ಭಾಷೆಯಲ್ಲೇ ಉತ್ತರ ಬರೆಯುವುದು. ಯಾವ ಕೋರ್ಸು ತೆಗೆದುಕೊಂಡರೆ ಮುಂದೆ ಯಾವ ದಾರಿ ತೆರೆಯುತ್ತದೆ ಅನ್ನುವ ಅಂದಾಜು. ಇದ್ಯಾವುದೂ ಸಿಲೆಬಸ್ಸಿನಲ್ಲಿ ಇಲ್ಲ. ಊಟ ಮಾಡುವಾಗ, ಟಿವಿ ನೋಡುವಾಗ, ನೆಂಟರು ಬಂದಾಗ ಕೆಲವು ಮನೆಗಳಲ್ಲಿ ಮಕ್ಕಳು ತಮಗೇ ಗೊತ್ತಿಲ್ಲದೆ ಕಲಿಯುತ್ತಾರೆ. ಶಾಲೆ ಇವಕ್ಕೆಲ್ಲ ಅಂಕ ಕೊಡುತ್ತದೆ, ಕಲಿಸುವುದನ್ನು ಮಾತ್ರ ಮರೆಯುತ್ತದೆ.

ನನ್ನ ತರಗತಿಯಲ್ಲೇ ಇದನ್ನು ಕಂಡಿದ್ದೇನೆ. ಅರ್ಥ ಆಗದಿದ್ದರೆ ಕೇಳಿ ಅಂತ ದಿನಾ ಹೇಳುತ್ತಿದ್ದೆ. ಕೇಳುತ್ತಿದ್ದವರು ಮಾತ್ರ ಅದೇ ನಾಲ್ಕೈದು ಮಕ್ಕಳು. ಉಳಿದವರಿಗೆ ಎಲ್ಲ ಅರ್ಥ ಆಗಿದೆ ಅಂತ ನಾನು ನಂಬಿಕೊಂಡಿದ್ದೆ. ಒಮ್ಮೆ ಚೀಟಿಯಲ್ಲಿ ಹೆಸರಿಲ್ಲದೆ ಪ್ರಶ್ನೆ ಬರೆದು ಕೊಡಿ ಅಂದೆ. ರಾಶಿ ಬಿತ್ತು. ಕೆಲವು ಮನೆಗಳಲ್ಲಿ ದೊಡ್ಡವರನ್ನು ಪ್ರಶ್ನೆ ಕೇಳುವುದೇ ಎದುರು ಮಾತು. ಆ ಮಕ್ಕಳು ನನಗೆ ಮರ್ಯಾದೆ ಕೊಟ್ಟು ಸುಮ್ಮನಿದ್ದರು. ನಾನು ಅದನ್ನು ಆಸಕ್ತಿ ಇಲ್ಲ ಅಂತ ಓದಿಕೊಂಡಿದ್ದೆ.

ಮನೆಯಿಂದ ಬಂದ ಈ ಸುಲಭವನ್ನು ನಾವು "ಹುಟ್ಟು ಪ್ರತಿಭೆ" ಅಂತ ಕರೆದುಬಿಡುತ್ತೇವೆ. ಇದೇ ದೊಡ್ಡ ಅನ್ಯಾಯ. ಹಾಗೆ ಕರೆದ ಕೂಡಲೇ ಆ ಮಗುವಿಗೆ ಸಿಕ್ಕ ನೆರವು ಮಾಯವಾಗುತ್ತದೆ. ಇನ್ನೊಂದು ಮಗುವಿಗೆ ಸಿಗದ ನೆರವೂ ಮಾಯವಾಗುತ್ತದೆ.

ಶಿಕ್ಷಕರ ಮನಸ್ಸಿನಲ್ಲಿರುವ ನಿರೀಕ್ಷೆಯಿಂದ ನಿಜವಾಗಿಯೂ ವ್ಯತ್ಯಾಸ ಆಗುತ್ತದಾ?

ಆಗುತ್ತದೆ, ಆದರೆ ಕತೆಗಳಲ್ಲಿ ಹೇಳುವಷ್ಟು ಅಲ್ಲ. 1968ರಲ್ಲಿ ಅಮೆರಿಕದ ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್ಸನ್ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಶಾಲೆಯ ಸುಮಾರು ಶೇ. 20ರಷ್ಟು ಮಕ್ಕಳನ್ನು ಲಾಟರಿ ಎತ್ತಿದ ಹಾಗೆ ಆರಿಸಿ, ಇವರು ಈ ವರ್ಷ ಚೆನ್ನಾಗಿ ಬೆಳೆಯುತ್ತಾರೆ ಅಂತ ಶಿಕ್ಷಕರಿಗೆ ಹೇಳಿದರು. ವರ್ಷದ ಕೊನೆಗೆ, ಒಂದು ಮತ್ತು ಎರಡನೇ ತರಗತಿಯಲ್ಲಿ ಆ ಮಕ್ಕಳು ನಿಜಕ್ಕೂ ಮುಂದಿದ್ದರು. ಮೇಲಿನ ತರಗತಿಗಳಲ್ಲಿ ಅಂಥದ್ದೇನೂ ಕಾಣಲಿಲ್ಲ.

ಆ ಪ್ರಯೋಗದ ಮೇಲೆ ಬೇಕಾದಷ್ಟು ಟೀಕೆ ಬಂತು. ನಂತರದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದವರು, ಈ ಪರಿಣಾಮ ಸಾಮಾನ್ಯವಾಗಿ ಚಿಕ್ಕದು ಅಂದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು: ಸಮಾಜ ಮೊದಲೇ ಕೀಳಾಗಿ ನೋಡುವ ಗುಂಪಿನ ಮಕ್ಕಳ ಮೇಲೆ ಪರಿಣಾಮ ಜಾಸ್ತಿ ಇರಬಹುದು. ನನ್ನ ನಿದ್ದೆ ಕೆಡಿಸುವುದು ಈ ಎರಡನೇ ಮಾತು. ಮನೆಯಲ್ಲಿ ಹುರಿದುಂಬಿಸುವವರು ಇರುವ ಮಗು ಟೀಚರ್ ಒಂದು ಮಾತು ಅಂದರೂ ಎದ್ದು ನಿಲ್ಲುತ್ತದೆ. ಯಾರೂ ಇಲ್ಲದ ಮಗುವಿಗೆ ಆ ಒಂದು ಮಾತೇ ತೀರ್ಪು.

ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದು ಆದರೆ?

ಆಗ ಮಗು ಎರಡು ಪಾಠ ಒಟ್ಟಿಗೆ ಕಲಿಯಬೇಕು. ಗಣಿತವನ್ನೂ ಕಲಿಯಬೇಕು, ಗಣಿತ ಹೇಳುವ ಭಾಷೆಯನ್ನೂ ಕಲಿಯಬೇಕು. ಅಂಕ ಬರುವುದು ಮಾತ್ರ ಒಂದಕ್ಕೆ.

ಮೊದಲ ವರ್ಷಗಳ ಕಲಿಕೆ ಮನೆಮಾತಿನಲ್ಲಿ ಇರಬೇಕು ಅಂತ ಯುನೆಸ್ಕೋ ತಜ್ಞರು 1953ರಲ್ಲೇ ಹೇಳಿದ್ದರು. ಆದರೂ ಜಗತ್ತಿನ ಸುಮಾರು ಶೇ. 40ರಷ್ಟು ಜನರಿಗೆ ತಮಗೆ ಅರ್ಥವಾಗುವ ಭಾಷೆಯಲ್ಲಿ ಶಿಕ್ಷಣ ಸಿಗುತ್ತಿಲ್ಲ ಅಂತ ಅದೇ ಸಂಸ್ಥೆ ಲೆಕ್ಕ ಹಾಕಿದೆ. ಇಲ್ಲಿ ಪೋಷಕರನ್ನು ದೂರುವುದು ತಪ್ಪು. ದೊಡ್ಡ ಭಾಷೆಯಲ್ಲಿ ಕೆಲಸ ಇದೆ, ಗೌರವ ಇದೆ ಅಂತ ಅವರು ಕಣ್ಣಾರೆ ಕಂಡಿದ್ದಾರೆ. ಅವರ ಆಸೆಯಲ್ಲಿ ತಪ್ಪಿಲ್ಲ. ಎರಡನೇ ಭಾಷೆಯನ್ನು ಚೆನ್ನಾಗಿ ಕಲಿಸಿ. ಆದರೆ ಮೊದಲ ಅಕ್ಷರ, ಮೊದಲ ಲೆಕ್ಕ ಮಗುವಿಗೆ ಅರ್ಥ ಆಗುವ ಮಾತಿನಲ್ಲಿ ಇರಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಈಗ ಎಲ್ಲ ಸರಿಹೋಗಿದೆಯಲ್ವಾ?

ಎಷ್ಟೋ ಸರಿಹೋಗಿದೆ. ಜಗತ್ತಿನ ಒಟ್ಟು ಲೆಕ್ಕ ತೆಗೆದರೆ ಇಂದು ಉನ್ನತ ಶಿಕ್ಷಣದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಇದು ಕೆಲವೇ ದಶಕಗಳಲ್ಲಿ ಆದ ಬದಲಾವಣೆ, ಸಂತೋಷಪಡಬೇಕಾದದ್ದೇ.

ಆದರೆ ಒಟ್ಟು ಲೆಕ್ಕದಲ್ಲಿ ನೋವು ಕಾಣುವುದಿಲ್ಲ. ಅಫ್ಘಾನಿಸ್ತಾನದಲ್ಲಿ 2021ರಿಂದ ಆರನೇ ತರಗತಿ ದಾಟಿದ ಹುಡುಗಿಯರಿಗೆ ಶಾಲೆ ಮುಚ್ಚಿದೆ, 2022ರ ಡಿಸೆಂಬರ್‌ನಿಂದ ವಿಶ್ವವಿದ್ಯಾಲಯವೂ ಮುಚ್ಚಿದೆ. ಗಳಿಸಿದ್ದನ್ನು ಒಂದು ಆದೇಶ ಹೀಗೆ ಕಿತ್ತುಕೊಳ್ಳಬಹುದು ಅನ್ನುವುದನ್ನು ನಾವು ನಮ್ಮ ಕಾಲದಲ್ಲೇ ನೋಡುತ್ತಿದ್ದೇವೆ. ಬೇರೆ ಕಡೆ ತಡೆ ಇಷ್ಟು ಜೋರಾಗಿ ಮಾತಾಡುವುದಿಲ್ಲ. ಬಾಗಿಲು ಹಾಕಿಕೊಳ್ಳಲು ಆಗುವ ಶೌಚಾಲಯ ಇಲ್ಲ, ಬೇಗ ಮದುವೆ, ಮನೆಗೆಲಸ, ದಾರಿಯ ಭಯ.

ಪರಿಹಾರ ಕೆಲವೊಮ್ಮೆ ಬಹಳ ಸರಳ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿದರು. ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಶೇ. 32ರಷ್ಟು ಏರಿತ್ತು. ಸೈಕಲ್ ದೂರವನ್ನು ಕಡಿಮೆ ಮಾಡಿತು. ಗುಂಪಾಗಿ ಹೋಗುವ ಹುಡುಗಿಯರನ್ನು ನೋಡಿ ಊರಿನ ಕಣ್ಣೂ ನಿಧಾನಕ್ಕೆ ಬದಲಾಯಿತು.

ಗಂಡುಮಕ್ಕಳನ್ನೂ ಮರೆಯಬೇಡಿ. ಬಡ ಮನೆಯಲ್ಲಿ ದುಡಿಮೆಗೆ ಮೊದಲು ಎಳೆಯುವುದು ಹಲವು ಕಡೆ ಅವರನ್ನೇ.

ಅಂಗವಿಕಲ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಟ್ಟರೆ ಉಳಿದವರಿಗೆ ಅನ್ಯಾಯ ಅಲ್ವಾ?

ಅಲ್ಲ. ಇತಿಹಾಸದ ಪರೀಕ್ಷೆ ಇತಿಹಾಸವನ್ನು ಅಳೆಯಬೇಕು, ಬೆರಳಿನ ವೇಗವನ್ನಲ್ಲ. ಕನ್ನಡಕ ಹಾಕಿಕೊಂಡು ಬರೆಯುವವರನ್ನು ನಾವು ಯಾರೂ ಮೋಸ ಅನ್ನುವುದಿಲ್ಲ.

ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಹೆಸರು ನೋಡದೆ ಮೌಲ್ಯಮಾಪನ. ಇದಕ್ಕಿಂತ ನ್ಯಾಯ ಇನ್ನೇನಿದೆ?

ಈ ಪ್ರಶ್ನೆಗೆ ಗೌರವ ಕೊಡಬೇಕು. ಶಿಫಾರಸು, ವಂಶ, ಪರಿಚಯ ನಡೆಯುತ್ತಿದ್ದ ಕಡೆ ಪರೀಕ್ಷೆ ಬಂದದ್ದು ದೊಡ್ಡ ಹೆಜ್ಜೆ. ಎಷ್ಟೋ ಮನೆಗಳ ಮೊದಲ ಸಂಬಳ ಪರೀಕ್ಷೆಯಿಂದಲೇ ಬಂದಿದೆ.

ಆದರೂ ಚೀನಾದ ಕತೆ ನೋಡಿ. ಅಧಿಕಾರಿಗಳನ್ನು ಪರೀಕ್ಷೆಯಿಂದ ಆರಿಸುವ ಪದ್ಧತಿ ಅಲ್ಲಿ ಸುಮಾರು 1,300 ವರ್ಷ ನಡೆದು 1905ರಲ್ಲಿ ನಿಂತಿತು. ಅದರ ಬಹುಕಾಲ, ಕಾಗದದ ಮೇಲೆ ಹೆಚ್ಚಿನ ಗಂಡಸರಿಗೆ ಬಾಗಿಲು ತೆರೆದಿತ್ತು. ಆದರೆ ತಯಾರಿಗೆ ವರ್ಷಗಟ್ಟಲೆ ಹಳೆಯ ಗ್ರಂಥ ಓದಬೇಕು. ದುಡಿಯದೆ ಕೂತು ಓದುವ ಮಗನನ್ನು ಸಾಕುವ ಶಕ್ತಿ ಯಾವ ಮನೆಗಿತ್ತು? ಬಾಗಿಲು ತೆರೆದೇ ಇತ್ತು, ಅಲ್ಲಿಯವರೆಗೆ ನಡೆಯುವ ದಾರಿಗೆ ಮಾತ್ರ ಖರ್ಚಿತ್ತು.

ಇಂದಿನ ಕೋಚಿಂಗ್ ಕೂಡ ಅದೇ ದಾರಿ. "ಅರ್ಹತೆಯ ಆಳ್ವಿಕೆ" ಅನ್ನುವ ಅರ್ಥದ ಇಂಗ್ಲಿಷ್ ಪದವನ್ನು 1958ರಲ್ಲಿ ಜನರ ಬಾಯಿಗೆ ತಂದವರು ಬ್ರಿಟನ್ನಿನ ಮೈಕಲ್ ಯಂಗ್. ಅವರು ಅದನ್ನು ಹೊಗಳಿಕೆಯಾಗಿ ಹೇಳಲಿಲ್ಲ, ಎಚ್ಚರಿಕೆಯಾಗಿ ಹೇಳಿದರು. ಗೆದ್ದವರು ಎಲ್ಲ ತಮ್ಮ ಯೋಗ್ಯತೆಯಿಂದಲೇ ಅಂದುಕೊಳ್ಳುತ್ತಾರೆ, ಸೋತವರಿಗೆ ನಮ್ಮದೇ ತಪ್ಪು ಅನಿಸುತ್ತದೆ ಅನ್ನುವುದು ಅವರ ಭಯವಾಗಿತ್ತು. ಫೇಲಾದ ಮಕ್ಕಳ ಕಣ್ಣಲ್ಲಿ ಆ ಎರಡನೆಯದನ್ನು ನಾನು ನೋಡಿದ್ದೇನೆ.

ಪರೀಕ್ಷೆ ಬೇಡ ಅನ್ನುತ್ತಿಲ್ಲ. ಯಾರು ಎಷ್ಟು ಕಲಿತಿದ್ದಾರೆ ಅಂತ ಅದು ಹೇಳಲಿ. ಯಾರು ಎಷ್ಟು ಕಲಿಯಬಲ್ಲರು ಅಂತ ಹೇಳುವ ಹಕ್ಕು ಅದಕ್ಕಿಲ್ಲ.

ಬೀದಿ ದೀಪದ ಕೆಳಗೆ ಓದಿ ಮೇಲೆ ಬಂದವರು ಇದ್ದಾರಲ್ಲ?

ಇದ್ದಾರೆ, ಅವರಿಗೆ ಕೈ ಮುಗಿಯಬೇಕು. ಆದರೆ ಅವರ ಗೆಲುವನ್ನು ತೋರಿಸಿ ಉಳಿದವರನ್ನು ಬೈಯುವುದು ಬೇಡ. ನದಿ ಈಜಿ ದಾಟಿದ ಒಬ್ಬರಿದ್ದಾರೆ ಅಂತ ಸೇತುವೆ ಕಟ್ಟದೆ ಇರುತ್ತೇವಾ?

ಹಿಂದುಳಿದ ಮಕ್ಕಳಿಗೆ ಸೀಟು ಮೀಸಲಿಟ್ಟರೆ ತರಗತಿಯ ಮಟ್ಟ ಇಳಿಯುವುದಿಲ್ವಾ?

ದೆಹಲಿಯ ಶ್ರೀಮಂತ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಸೀಟು ಮೀಸಲಿಟ್ಟಾಗ ಏನಾಯಿತು ಅಂತ ಒಂದು ಅಧ್ಯಯನ ನೋಡಿತು. ಅದು 2019ರಲ್ಲಿ ಪ್ರಕಟವಾಯಿತು. ಜೊತೆಯಲ್ಲಿ ಬಡ ಮಕ್ಕಳಿದ್ದ ತರಗತಿಗಳಲ್ಲಿ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾದರು, ಬಡವರನ್ನು ದೂರ ಇಡುವುದು ಕಡಿಮೆಯಾಯಿತು. ಇಂಗ್ಲಿಷ್ ಅಂಕದಲ್ಲಿ ಸ್ವಲ್ಪ ಇಳಿಕೆ ಕಂಡಿತು, ಒಟ್ಟಾರೆ ಕಲಿಕೆಗೆ ದೊಡ್ಡ ಪೆಟ್ಟು ಬೀಳಲಿಲ್ಲ.

ಆ ಸ್ವಲ್ಪ ಇಳಿಕೆಯನ್ನು ನಾನು ಮುಚ್ಚಿಡುವುದಿಲ್ಲ. ಒಂದು ಬೆಂಚಿನಲ್ಲಿ ಕೂತು ಬೆಳೆದ ಮಕ್ಕಳು ನಾಳೆ ವೈದ್ಯರು, ಅಧಿಕಾರಿಗಳು, ನ್ಯಾಯಾಧೀಶರು ಆಗುತ್ತಾರೆ. ಎದುರಿಗೆ ನಿಂತ ಬಡವರನ್ನು ಅವರು ಹೇಗೆ ನೋಡುತ್ತಾರೆ ಅನ್ನುವುದೂ ಶಿಕ್ಷಣದ ಮಟ್ಟವೇ.

ಆನ್‌ಲೈನ್ ಪಾಠ ಬಂದ ಮೇಲೆ ಅಂತರ ಕಡಿಮೆಯಾಗಿದೆಯಾ?

ಆಗುತ್ತದೆ ಅಂತ ನಾನೂ ಆಸೆಪಟ್ಟಿದ್ದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಯುನಿಸೆಫ್ ಹೇಳಿದ ಪ್ರಕಾರ, 3ರಿಂದ 17 ವಯಸ್ಸಿನ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿಗೆ, ಅಂದರೆ 130 ಕೋಟಿ ಮಕ್ಕಳಿಗೆ, ಮನೆಯಲ್ಲಿ ಇಂಟರ್‌ನೆಟ್ ಇರಲಿಲ್ಲ. ಇದ್ದ ಮನೆಯಲ್ಲೂ ಒಂದು ಫೋನಿಗೆ ಮೂರು ಮಕ್ಕಳು.

ಹಾಗಾದರೆ ನಿಜವಾಗಿ ಕೆಲಸ ಮಾಡಿದ್ದು ಯಾವುದು?

ಚಿಕ್ಕ ವಯಸ್ಸಿನಲ್ಲೇ ಕೈ ಹಿಡಿಯುವುದು ಒಂದು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1962ರಿಂದ 1967ರವರೆಗೆ 123 ಬಡ ಕಪ್ಪು ಮಕ್ಕಳ ಮೇಲೆ ಪೆರ್ರಿ ಪ್ರಿಸ್ಕೂಲ್ ಅನ್ನುವ ಪ್ರಯೋಗ ನಡೆಯಿತು. ಕೆಲವರಿಗೆ ಒಳ್ಳೆಯ ಶಿಶುಶಾಲೆ, ಜೊತೆಗೆ ವಾರಕ್ಕೊಮ್ಮೆ ಟೀಚರ್ ಮನೆಗೆ ಭೇಟಿ. ಬುದ್ಧಿಮತ್ತೆಯ ಅಂಕದಲ್ಲಿ ಕಂಡ ಲಾಭ ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಪ್ರಯೋಗ ಸೋತಿತು ಅನ್ನುತ್ತಿದ್ದರು. ಆದರೆ ಆ ಮಕ್ಕಳು 40 ವರ್ಷದವರಾಗುವ ತನಕ ಸಂಶೋಧಕರು ಹಿಂದೆ ಬಿದ್ದು ನೋಡಿದರು. ಶಿಶುಶಾಲೆಗೆ ಹೋದವರಲ್ಲಿ ಹೈಸ್ಕೂಲ್ ಮುಗಿಸಿದವರು ಹೆಚ್ಚು, ಕೆಲಸದಲ್ಲಿ ಇದ್ದವರು ಹೆಚ್ಚು, ಪೊಲೀಸರ ಕೈಗೆ ಸಿಕ್ಕವರು ಕಡಿಮೆ.

ಮಕ್ಕಳನ್ನು ಬೇಗ ಬೇರೆ ಮಾಡದೇ ಇರುವುದು ಇನ್ನೊಂದು. ಫಿನ್ಲೆಂಡಿನಲ್ಲಿ ಹಿಂದೆ 11ನೇ ವಯಸ್ಸಿಗೇ ಮಕ್ಕಳನ್ನು ಎರಡು ದಾರಿಗೆ ಹಂಚುತ್ತಿದ್ದರು. 1972ರಿಂದ 1977ರ ನಡುವೆ ಇಡೀ ದೇಶ ಅದನ್ನು ಬಿಟ್ಟು, 16ರವರೆಗೆ ಎಲ್ಲರಿಗೂ ಒಂದೇ ಶಾಲೆ ಮಾಡಿತು. ಮುಂದೆ ನಡೆದ ಅಧ್ಯಯನದ ಪ್ರಕಾರ, ಅಪ್ಪನ ಆದಾಯಕ್ಕೂ ಮಗನ ಆದಾಯಕ್ಕೂ ಇದ್ದ ಗಂಟು ಸುಮಾರು ಶೇ. 23ರಷ್ಟು ಸಡಿಲವಾಯಿತು. ಹನ್ನೊಂದಕ್ಕೆ ಮಗುವಿನಲ್ಲಿ ಜಾಸ್ತಿ ಕಾಣುವುದು ಮನೆ. ಮಗು ಕಾಣಲು ಇನ್ನೂ ಸ್ವಲ್ಪ ಕಾಲ ಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಿಷಿಗನ್ ವಿಶ್ವವಿದ್ಯಾಲಯದ ಒಂದು ಪತ್ರ. ಅಲ್ಲಿ ಬಡ ಮನೆಯ ಜಾಣ ಮಕ್ಕಳಿಗೆ ಹೇಗೂ ಶುಲ್ಕ ವಿನಾಯಿತಿ ಸಿಗುತ್ತಿತ್ತು. ಆದರೆ ಅದಕ್ಕೆ ಮೊದಲು ಅರ್ಜಿ ಹಾಕಿ, ಉದ್ದುದ್ದ ಫಾರಂ ತುಂಬಿ, ಕಾಯಬೇಕಿತ್ತು. ಹಾಗಾಗಿ ಎಷ್ಟೋ ಮಕ್ಕಳು ನಮಗಲ್ಲ ಅಂತ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಪ್ರಯೋಗದಲ್ಲಿ ಕೆಲವರಿಗೆ ಮೊದಲೇ ಪತ್ರ ಕಳಿಸಿದರು: ಸೀಟು ಸಿಕ್ಕರೆ ನಾಲ್ಕು ವರ್ಷದ ಶುಲ್ಕ ಖಂಡಿತ ಉಚಿತ, ಯಾವ ಆದಾಯದ ಫಾರಮ್ಮೂ ಬೇಡ. ಪತ್ರ ಬಾರದವರಲ್ಲಿ ಅರ್ಜಿ ಹಾಕಿದವರು ಶೇ. 26, ಬಂದವರಲ್ಲಿ ಶೇ. 68. ಸೇರಿದವರು ಶೇ. 12ರಿಂದ 27ಕ್ಕೆ ಏರಿದರು.

ಹಣ ಹೆಚ್ಚುಕಡಿಮೆ ಅಷ್ಟೇ. ಬದಲಾದದ್ದು ಭರವಸೆ. ಯಾರನ್ನು ಕೇಳಬೇಕು, ಯಾವ ಫಾರಂ ತುಂಬಬೇಕು ಅಂತ ಓದಿದ ಮನೆಗಳಿಗೆ ಗೊತ್ತಿರುತ್ತದೆ. ಉಳಿದವರಿಗೆ ಅದೇ ಗೋಡೆ.

ನಾನೊಬ್ಬ ಶಿಕ್ಷಕ, ವ್ಯವಸ್ಥೆ ಬದಲಾಯಿಸುವ ಶಕ್ತಿ ನನಗಿಲ್ಲ. ನಾಳೆ ಬೆಳಿಗ್ಗೆ ನಾನೇನು ಮಾಡಲಿ?

ನಾನು ಬಿಟ್ಟ ಒಂದು ಅಭ್ಯಾಸ ಹೇಳುತ್ತೇನೆ. ಹಿಂದೆ ಪ್ರಾಜೆಕ್ಟ್ ಕೊಟ್ಟು ಮನೆಯಲ್ಲಿ ಮಾಡಿಕೊಂಡು ಬನ್ನಿ ಅನ್ನುತ್ತಿದ್ದೆ. ಬಣ್ಣದ ಪ್ರಿಂಟು, ಥರ್ಮಾಕೋಲು, ಅಚ್ಚುಕಟ್ಟಾದ ಅಕ್ಷರ ಬರುತ್ತಿತ್ತು. ಅದಕ್ಕೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ. ಒಂದು ವರ್ಷ ಒಬ್ಬ ಹುಡುಗ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ನೀರಿನ ಚಕ್ರ ಬರೆದು ತಂದ. ಐದು ಅಂಕ ಕೊಟ್ಟೆ. ನೆಲ ನೋಡುತ್ತಾ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡ. ಆಮೇಲೆ ತರಗತಿಯಲ್ಲಿ ಕೇಳಿದಾಗ, ಆವಿ ಯಾಕೆ ಮೇಲೆ ಹೋಗುತ್ತದೆ ಅಂತ ಸರಿಯಾಗಿ ಹೇಳಿದವನು ಅವನೊಬ್ಬನೇ. ನಾನು ಅಂಕ ಕೊಟ್ಟದ್ದು ಅಪ್ಪ ಅಮ್ಮಂದಿರ ಕೈಕೆಲಸಕ್ಕೆ, ಮನೆಯ ಪ್ರಿಂಟರಿಗೆ.

ಈಗ ಪ್ರಾಜೆಕ್ಟ್ ತರಗತಿಯಲ್ಲೇ ಮಾಡಿಸುತ್ತೇನೆ. ಕಾಗದ, ಪೆನ್ಸಿಲ್, ಗೋಂದು ಎಲ್ಲ ಒಂದು ಡಬ್ಬಿಯಲ್ಲಿ ಇರುತ್ತವೆ, ಎಲ್ಲರೂ ಅದರಿಂದಲೇ ತೆಗೆದುಕೊಳ್ಳುತ್ತಾರೆ. ಒಳ್ಳೆಯ ಉತ್ತರ ಅಂದರೆ ಏನು ಅಂತ ಮೊದಲೇ ಬೋರ್ಡಿನ ಮೇಲೆ ಬರೆದು, ಒಂದು ಉದಾಹರಣೆ ಮಾಡಿ ತೋರಿಸುತ್ತೇನೆ. ಪ್ರಶ್ನೆಯ ಚೀಟಿಯ ಡಬ್ಬಿ ಇನ್ನೂ ಮೇಜಿನ ಮೇಲಿದೆ. ಸ್ಕಾಲರ್‌ಶಿಪ್ ಫಾರಂ ಬಂದಾಗ ನೋಟಿಸ್ ಬೋರ್ಡಿಗೆ ಅಂಟಿಸಿ ಬಿಡುವುದಿಲ್ಲ, ಒಂದು ಪೀರಿಯಡ್ ಇಟ್ಟುಕೊಂಡು ಎಲ್ಲರ ಜೊತೆ ಕೂತು ತುಂಬಿಸುತ್ತೇನೆ. ಕಳೆದ ಸಲ ಎರಡು ಪೀರಿಯಡ್ ಹಿಡಿಯಿತು, ಯಾಕೆಂದರೆ ಮೂವರಿಗೆ ತಮ್ಮ ಹುಟ್ಟಿದ ದಿನಾಂಕ ಗೊತ್ತಿರಲಿಲ್ಲ. ಶಾಲೆಯ ದಾಖಲಾತಿ ಪುಸ್ತಕ ತರಿಸಿ ನೋಡಿ ಬರೆದೆವು.